ಲೈನ್ ಮೇಲೆ ಯಾರಿದ್ದಾರೆ?

ಶುಕ್ರವಾರ ಸಂಜೆ ಆರೂವರೆ. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪನ ಮನೆಯ ಜಗಲಿ. ದೊಡ್ಡಪ್ಪ 66/11 ಕೆ.ವಿ. ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿ ಮೂವತ್ತು ವರ್ಷ ಪಾಳಿ ಮಾಡಿ ನಿವೃತ್ತರಾದವರು. ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯ ಕ್ಲೌಡ್ ಸರ್ವರ್‌ಗಳನ್ನು ನೋಡಿಕೊಳ್ಳುವವಳು. ಕಾಫಿ ಲೋಟ ಕೆಳಗಿಟ್ಟು ಫೋನ್ ತೆಗೆದದ್ದೇ ಮಾತಿಗೆ ನೆಪವಾಯಿತು.

ದೊಡ್ಡಪ್ಪ: ಊರಿಗೆ ಬಂದಾಗ್ಲೂ ಆ ಫೋನೇ ನೋಡ್ತಾ ಕೂತಿದ್ದೀಯಲ್ಲಮ್ಮ. ಏನಿದೆ ಅದ್ರಲ್ಲಿ ಅಂಥದ್ದು?

ನಾನು: ತಿಂಗಳ ಬಿಲ್ ನೋಡ್ತಿದ್ದೆ ದೊಡ್ಡಪ್ಪ. ಈ ಸಲ ಚೆನ್ನಾಗಿ ಇಳಿದಿದೆ. ಟೆಸ್ಟಿಂಗ್‌ಗೆ ಅಂತ ಇಟ್ಕೊಂಡಿರೋ ಸರ್ವರ್‌ಗಳು ರಾತ್ರಿ ಎಂಟಕ್ಕೆ ತಾವಾಗೇ ನಿಲ್ಲೋ ಹಾಗೆ, ಬೆಳಗ್ಗೆ ಎಂಟಕ್ಕೆ ತಾವಾಗೇ ಏಳೋ ಹಾಗೆ ಮಾಡಿದೀನಿ.

ದೊಡ್ಡಪ್ಪ: ನಿಮ್ಮ ಆಫೀಸಲ್ಲಿ ಇರೋ ಯಂತ್ರಗಳಾ ಅವು?

ನಾನು: ಆಫೀಸಲ್ಲಿ ನಮ್ಮ ಲ್ಯಾಪ್‌ಟಾಪ್ ಬಿಟ್ರೆ ಏನೂ ಇಲ್ಲ. ಮುಂಬೈಯಲ್ಲಿ ಅಮೆಜಾನ್‌ನವರ ಡೇಟಾ ಸೆಂಟರ್‌ಗಳಿವೆ, 2016ರ ಜೂನ್‌ನಿಂದ. ಅಲ್ಲಿರೋ ದೊಡ್ಡ ಯಂತ್ರದಲ್ಲಿ ನಮಗೆ ಅಂತ ಒಂದು ಪಾಲು ಕೊಡ್ತಾರೆ. ನಮ್ಮ ಕಣ್ಣಿಗೆ ಅದು ಇಡೀ ಕಂಪ್ಯೂಟರೇ. ಅದನ್ನ ಇನ್‌ಸ್ಟೆನ್ಸ್ ಅಂತೀವಿ. 2006ರ ಆಗಸ್ಟ್‌ನಲ್ಲಿ ಅವರು ಈ ವ್ಯಾಪಾರ ಶುರು ಮಾಡಿದಾಗ ಸಣ್ಣ ಇನ್‌ಸ್ಟೆನ್ಸ್‌ಗೆ ಗಂಟೆಗೆ 10 ಸೆಂಟ್ ಬಾಡಿಗೆ. ಒಂದೇ ಗಂಟೆಯಲ್ಲಿ ಮೂರು ಸಲ ಹಾಕಿ ತೆಗೆದ್ರೆ ಮೂರು ಗಂಟೆ ಬಾಡಿಗೆ ಬೀಳ್ತಿತ್ತು. 2017ರ ಅಕ್ಟೋಬರ್‌ನಿಂದ ಲಿನಕ್ಸ್ ಯಂತ್ರಗಳಿಗೆ ಸೆಕೆಂಡಿನ ಲೆಕ್ಕ ಬಂತು, ಕನಿಷ್ಠ 60 ಸೆಕೆಂಡು.

ದೊಡ್ಡಪ್ಪ: ಕೆಲಸ ಮಾಡದೇ ಸುಮ್ನೆ ಇದ್ರೂ ಬಾಡಿಗೆನಾ?

ನಾನು: ಆನ್ ಆಗಿದ್ರೆ ಸಾಕು. ನಿಮ್ಮ ಮೀಟರ್ ಬಲ್ಬ್ ಉರಿದ್ರೆ ಓಡುತ್ತೆ, ನಮ್ಮ ಮೀಟರ್ ಬಲ್ಬ್ ಉರೀದಿದ್ರೂ ಓಡುತ್ತೆ. ವಾರಕ್ಕೆ 168 ಗಂಟೆ. ನಮ್ಮ ಟೆಸ್ಟಿಂಗ್ ತಂಡ ಐದು ದಿನ, ದಿನಕ್ಕೆ 12 ಗಂಟೆ ಅಂತ ಹಿಡಿದ್ರೂ 60 ಗಂಟೆ. ಉಳಿದ 108 ಗಂಟೆ ಖಾಲಿ ಕೂತ ಯಂತ್ರಕ್ಕೆ ದುಡ್ಡು ಕಟ್ತಿದ್ವಿ. ನೂರು ರೂಪಾಯಲ್ಲಿ 64 ರೂಪಾಯಿ.

ದೊಡ್ಡಪ್ಪ: ಸಂಜೆ ಮನೆಗೆ ಹೋಗೋರು ಆಫ್ ಮಾಡಿ ಹೋದ್ರೆ ಆಯ್ತಲ್ಲ. ಅದಕ್ಕೊಂದು ಯಂತ್ರ ಬೇಕಾ?

ನಾನು: ಮೊದಲು ಹಾಗೇ ಮಾಡಿದ್ವಿ. ಗೋಡೆಗೆ ಚೀಟಿ ಅಂಟಿಸಿದ್ವಿ. ಎರಡು ವಾರ ನಡೀತು. ಮೂರನೇ ವಾರ ಒಬ್ಬರು ಮಗುಗೆ ಜ್ವರ ಅಂತ ಬೇಗ ಹೊರಟ್ರು, ಇನ್ನೊಬ್ಬರಿಗೆ ಮೆಟ್ರೋ ಹತ್ತಿದ ಮೇಲೆ ನೆನಪಾಯ್ತು. ಅವರನ್ನ ನಾನು ದೂರಲ್ಲ. ದಿನವೆಲ್ಲ ದುಡಿದವರ ತಲೆ ಸಂಜೆ ಹೊತ್ತಿಗೆ ಮನೆ ಕಡೆ ತಿರುಗಿರುತ್ತೆ. ಆ ಹೊತ್ತಲ್ಲಿ ಅವರ ಮೇಲೆ ಇನ್ನೊಂದು ನೆನಪಿನ ಭಾರ ಹೊರಿಸೋದು ಸರಿ ಅನ್ನಿಸಲಿಲ್ಲ.

ದೊಡ್ಡಪ್ಪ: ನಿಮ್ಮಪ್ಪನೂ ಇದೇ ಮಾತು ಹೇಳಿ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿದ. ನಂಗೆ ಆಗ ಮನಸ್ಸಿರಲಿಲ್ಲ.

ನಾನು: ಯಾಕೆ?

ದೊಡ್ಡಪ್ಪ: ಹೇಳ್ತೀನಿ ಕೇಳು. ತೋಟದ ಫೀಡರ್‌ಗಳಿಗೆ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಕೊಡ್ತಿದ್ವಿ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ ಫೀಡರ್ ಚಾರ್ಜ್ ಮಾಡ್ತಿದ್ದೆ. ಬ್ರೇಕರ್ ಹಾಕಿ ಆಂಪ್ ಮೀಟರ್ ಮುಂದೆ ನಿಲ್ಲೋದು. ಮುಳ್ಳು ಮೊದಲು ಒಂಚೂರು ಏಳೋದು. ಹತ್ತು ನಿಮಿಷ ಬಿಟ್ಟು ಇನ್ನೊಂಚೂರು. ಆಮೇಲೆ ಇನ್ನೊಂಚೂರು. ಆ ಮುಳ್ಳು ಏರೋದರಲ್ಲೇ ನಂಗೆ ಕಾಣ್ತಿತ್ತು, ಒಬ್ಬೊಬ್ಬರೇ ಎದ್ದು, ಟಾರ್ಚ್ ಹಿಡ್ಕೊಂಡು, ಬದುವಿನ ಮೇಲೆ ಪಂಪ್ ಮನೆಗೆ ನಡೀತಾ ಇದಾರೆ ಅಂತ. ಹಾವಿನ ಭಯ, ಒದ್ದೆ ನೆಲ, ಬರಿಗಾಲು, ಕೈ ಸ್ಟಾರ್ಟರ್ ಮೇಲೆ. ಮುಳ್ಳು ಒಂದು ಹಂತಕ್ಕೆ ಬಂದು ನಿಂತ ಮೇಲೇ ನಾನು ಕುರ್ಚಿಗೆ ಬರ್ತಿದ್ದೆ.

ನಾನು: ಆಟೋ ಸ್ಟಾರ್ಟರ್ ಬಂದ ಮೇಲೆ?

ದೊಡ್ಡಪ್ಪ: ಮುಳ್ಳು ನಿಧಾನಕ್ಕೆ ಏರೋದೇ ನಿಂತ್ಹೋಯ್ತು. ಬ್ರೇಕರ್ ಹಾಕಿದ ತಕ್ಷಣ ಒಂದೇ ಏಟಿಗೆ ಮೇಲಕ್ಕೆ ಹೋಗೋದು. ಎಲ್ಲ ಮೋಟರೂ ಒಂದೇ ಕ್ಷಣಕ್ಕೆ ಎಳೀತಿದ್ವಲ್ಲ. ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹೋಗೋದು, ಕೆಲವು ಸಲ ಫೀಡರೇ ಟ್ರಿಪ್. ಬೋರಲ್ಲಿ ನೀರಿದೆಯೋ ಇಲ್ಲವೋ ಆ ಡಬ್ಬಕ್ಕೆ ಗೊತ್ತಿಲ್ಲ, ಒಣ ಮೋಟರ್ ಓಡಿಸಿ ಸುಟ್ಟುಬಿಡೋದು. ಅದಕ್ಕೇ ನಂಗೆ ಇಷ್ಟ ಇರಲಿಲ್ಲ. ಆದ್ರೆ ಆ ಮೊದಲ ವರ್ಷ ನಮ್ಮ ಫೀಡರಲ್ಲಿ ರಾತ್ರಿ ನಡೆದು ಹೋಗಿ ಸತ್ತ ಅನ್ನೋ ಸುದ್ದಿ ಒಂದೂ ಬರಲಿಲ್ಲ. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಅವರು ಸ್ವಲ್ಪ ಹೊತ್ತು ತೆಂಗಿನ ಸಾಲಿನ ಕಡೆ ನೋಡಿದರು. ನಾನೂ ಮಾತಾಡಲಿಲ್ಲ.

ದೊಡ್ಡಪ್ಪ: ಇರ್ಲಿ. ನಿನ್ನ ಸ್ಟಾರ್ಟರ್ ಹೇಗಿದೆ ಹೇಳು.

ನಾನು: ಒಂದು ಗಡಿಯಾರ, ಒಂದು ಸಣ್ಣ ಪ್ರೋಗ್ರಾಂ. ಗಡಿಯಾರಕ್ಕೆ ಇವೆಂಟ್‌ಬ್ರಿಡ್ಜ್ ಅಂತ ಹೆಸರು. ಹೊತ್ತಿಗೆ ಸರಿಯಾಗಿ ಅದು ಪ್ರೋಗ್ರಾಂನ ಎಬ್ಬಿಸುತ್ತೆ. ಪ್ರೋಗ್ರಾಂ ಇರೋದು ಲ್ಯಾಂಬ್ಡಾದಲ್ಲಿ. ಅದು 2014ರ ಕೊನೇಲಿ ಬಂದದ್ದು, ಸರ್ವರ್ ಇಟ್ಕೊಳ್ಳದೇ ಪ್ರೋಗ್ರಾಂ ಓಡಿಸೋ ವ್ಯವಸ್ಥೆ. ಕೆಲಸ 15 ನಿಮಿಷದೊಳಗೆ ಮುಗೀಬೇಕು ಅನ್ನೋ ಕಟ್ಟಳೆ ಇದೆ, ನಮ್ಮದು ಕೆಲವೇ ಸೆಕೆಂಡಲ್ಲಿ ಮುಗಿಯುತ್ತೆ. ತಿಂಗಳಿಗೆ ಹತ್ತು ಲಕ್ಷ ಕರೆ ಬಿಟ್ಟಿ. ನಾವು ದಿನಕ್ಕೆ ನಾಲ್ಕೈದು ಸಲ ಕರೀತೀವಿ.

ದೊಡ್ಡಪ್ಪ: ಸ್ವಿಚ್ಚಿಗೆ ಖರ್ಚಿಲ್ಲ ಅನ್ನು.

ನಾನು: ಇಲ್ಲ ಅಂತಲೇ ಹೇಳಬಹುದು. ಲ್ಯಾಂಬ್ಡಾ ಬರೋಕೆ ಮುಂಚೆ ಬೇರೆ ಸರ್ವರ್‌ಗಳನ್ನ ನಿಲ್ಲಿಸೋಕೆ ಅಂತಲೇ ಒಂದು ಸರ್ವರ್ ಹಗಲು ರಾತ್ರಿ ಇಟ್ಟಿರ್ತಿದ್ರು. ಅದರಲ್ಲಿ ಕ್ರಾನ್ ಅನ್ನೋ ಹಳೇ ಗಡಿಯಾರ ಓಡ್ತಿತ್ತು. 1979ರ ಯುನಿಕ್ಸ್‌ನಲ್ಲೇ ಇತ್ತು ಅದು. ಈಗಿನ ಗಡಿಯಾರಕ್ಕೂ ಹೊತ್ತು ಹೇಳೋದು ಆ ಹಳೇ ಕ್ರಾನ್ ಬರಹದಲ್ಲೇ.

ದೊಡ್ಡಪ್ಪ: ಯಾವ ಯಂತ್ರ ನಿಲ್ಲಿಸಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಎಲ್ಲಾನೂ ನಿಲ್ಲಿಸಿಬಿಟ್ರೆ?

ನಾನು: ಪ್ರತಿ ಯಂತ್ರಕ್ಕೂ ಟ್ಯಾಗ್ ಅಂತ ಚೀಟಿ ಹಚ್ಚಬಹುದು. ಒಂದು ಕಡೆ ಹೆಸರು, ಇನ್ನೊಂದು ಕಡೆ ಅದರ ಮೌಲ್ಯ. ವೇಳಾಪಟ್ಟಿ, ಆಫೀಸ್ ಸಮಯ, ಹೀಗೆ. ಪ್ರೋಗ್ರಾಂ ಎದ್ದ ಕೂಡಲೇ ‘ಈ ಚೀಟಿ ಇರೋ, ಈಗ ಓಡ್ತಾ ಇರೋ ಯಂತ್ರ ಯಾವುವು’ ಅಂತ ಕೇಳುತ್ತೆ. ಸಿಕ್ಕವಕ್ಕೆ ಮಾತ್ರ ‘ನಿಲ್ಲು’ ಅನ್ನುತ್ತೆ. ಗ್ರಾಹಕರು ಬಳಸೋ ಯಂತ್ರಕ್ಕೆ ಚೀಟಿ ಇಲ್ಲ, ಹಾಗಾಗಿ ಮುಟ್ಟಲ್ಲ. ಇನ್ನೊಂದು ಬಂದೋಬಸ್ತು ಇದೆ. ನಿಲ್ಲಿಸೋದು ಬೇರೆ, ಅಳಿಸೋದು ಬೇರೆ. ಟರ್ಮಿನೇಟ್ ಅಂದ್ರೆ ಯಂತ್ರವೇ ಇಲ್ಲವಾಗುತ್ತೆ. ಆ ಅಧಿಕಾರ ನನ್ನ ಪ್ರೋಗ್ರಾಂಗೆ ಕೊಟ್ಟೇ ಇಲ್ಲ. ಹಾಕೋದು, ತೆಗೆಯೋದು, ಅಷ್ಟೇ.

ದೊಡ್ಡಪ್ಪ: ಒಳ್ಳೇದು. ಹೊತ್ತಿನ ಲೆಕ್ಕ ಸರಿಯಾಗಿ ಹಾಕಿದೀಯಾ?

ನಾನು: ಹಿಂದಿನ ಕಂಪನೀಲಿ ಮೊದಲ ಸಲ ಮಾಡಿದಾಗ ಅಲ್ಲೇ ತಪ್ಪಿದ್ದೆ. ರಾತ್ರಿ ಎಂಟು ಅಂದ್ರೆ 20 ಅಂತ ಬರೆದೆ. ಆ ಗಡಿಯಾರ ನೋಡೋದು ಯುಟಿಸಿ, ಗ್ರೀನಿಚ್ ಕಡೆಯ ಹೊತ್ತು. ನಮಗಿಂತ ಐದೂವರೆ ಗಂಟೆ ಹಿಂದೆ. ಎಂಟಕ್ಕೆ ನಿಲ್ಲಬೇಕಾದವು ನಡುರಾತ್ರಿ ಒಂದೂವರೆಗೆ ನಿಂತವು. ಬೆಳಗ್ಗೆ ಎಂಟಕ್ಕೆ ಏಳಬೇಕಾದವು ಮಧ್ಯಾಹ್ನ ಒಂದೂವರೆಗೆ ಎದ್ದವು. ಇಡೀ ತಂಡ ಅರ್ಧ ದಿನ ಕೂತಿತ್ತು. ಸರಿಯಾದ ಸಾಲು ಹೀಗಿರಬೇಕು: ಮೊದಲು ನಿಮಿಷ 30, ಆಮೇಲೆ ಗಂಟೆ 14, ತಾರೀಖಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ತಿಂಗಳಿಗೆ ನಕ್ಷತ್ರ, ವಾರಕ್ಕೆ ಸೋಮದಿಂದ ಶುಕ್ರ, ವರ್ಷಕ್ಕೆ ಮತ್ತೊಂದು ನಕ್ಷತ್ರ. ಹದಿನಾಲ್ಕೂವರೆಗೆ ಐದೂವರೆ ಸೇರಿಸಿ, ಇಪ್ಪತ್ತು.

ದೊಡ್ಡಪ್ಪ: ಬೆಳಗಿನ ಜಾವದ ಲೆಕ್ಕ ಇನ್ನೂ ಕಷ್ಟ ಆಗ್ಬೇಕಲ್ಲ. ಅಲ್ಲಿ ಇನ್ನೂ ಹಿಂದಿನ ದಿನ.

ನಾನು: ತಟ್ಟನೆ ಹಿಡಿದ್ರಿ! ಸೋಮವಾರ ಬೆಳಗ್ಗೆ ಐದಕ್ಕೆ ಏಳಿಸಬೇಕು ಅಂದ್ರೆ ಅಲ್ಲಿ ಭಾನುವಾರ ರಾತ್ರಿ ಹನ್ನೊಂದೂವರೆ. ಸೋಮದಿಂದ ಶುಕ್ರ ಅಂತ ಬರೆದ್ರೆ ಸೋಮವಾರ ಏಳೋದೇ ಇಲ್ಲ, ಶನಿವಾರ ಸುಮ್ನೆ ಎದ್ದು ಕೂತಿರುತ್ತೆ. 2022ರ ನವೆಂಬರ್‌ನಲ್ಲಿ ಹೊಸ ಶೆಡ್ಯೂಲರ್ ಬಂತು. ಅದಕ್ಕೆ ‘ಏಷ್ಯಾ/ಕೋಲ್ಕತ್ತಾ’ ಅಂತ ಹೇಳಿದ್ರೆ ನಮ್ಮ ಗಡಿಯಾರವನ್ನೇ ನೋಡುತ್ತೆ. ಈಗ ಅದನ್ನೇ ಇಟ್ಕೊಂಡಿದೀನಿ. ರಾಜ್ಯೋತ್ಸವ, ಯುಗಾದಿ ಅದಕ್ಕೂ ಗೊತ್ತಾಗಲ್ಲ. ರಜೆಗಳ ಪಟ್ಟಿ ಬೇರೆ ಇಟ್ಟು, ಏಳಿಸೋ ಮುಂಚೆ ಪ್ರೋಗ್ರಾಂ ಅದನ್ನ ನೋಡೋ ಹಾಗೆ ಮಾಡಿದೀನಿ.

ದೊಡ್ಡಪ್ಪ: ನಿಂತ ಮೇಲೆ ಒಂದು ಪೈಸೆಯೂ ಇಲ್ವಾ?

ನಾನು: ಯಂತ್ರದ ಬಾಡಿಗೆ ನಿಲ್ಲುತ್ತೆ. ಡಿಸ್ಕಿನ ಬಾಡಿಗೆ ನಿಲ್ಲಲ್ಲ, ನಮ್ಮ ಸಾಮಾನು ಅಲ್ಲೇ ಇರುತ್ತಲ್ಲ. ಹೊರಗಿನವರು ತಲುಪೋಕೆ ಖಾಯಂ ಐಪಿ ವಿಳಾಸ ಹಿಡಿದಿಟ್ಟಿದ್ರೆ ಅದಕ್ಕೂ ಗಂಟೆಗೆ ಅರ್ಧ ಸೆಂಟ್. ಹಿಡಿದಿಡದೇ ಇದ್ರೆ ಪ್ರತಿ ಸಲ ಎದ್ದಾಗಲೂ ವಿಳಾಸ ಬದಲಾಗುತ್ತೆ, ನಿನ್ನೆ ಬರೆದಿಟ್ಕೊಂಡ ವಿಳಾಸಕ್ಕೆ ಇವತ್ತು ಯಾರೂ ಓಗೊಡಲ್ಲ. ಮೈಕ್ರೋಸಾಫ್ಟ್‌ನವರ ಅಜೂರ್‌ನಲ್ಲಿ ಇನ್ನೊಂದು ತಿರುವು ಇದೆ. ಯಂತ್ರದ ಒಳಗೆ ಕೂತು ಶಟ್‌ಡೌನ್ ಮಾಡಿದ್ರೆ ಯಂತ್ರ ನಿಲ್ಲುತ್ತೆ, ಬಾಡಿಗೆ ನಿಲ್ಲಲ್ಲ. ಡೀಅಲೊಕೇಟ್ ಅಂತ ಹೊರಗಿಂದ ಹೇಳ್ಬೇಕು.

ದೊಡ್ಡಪ್ಪ: ಮನೆಗೆ ಬೀಗ ಹಾಕಿ ಊರಿಗೆ ಹೋದ್ರೆ ಬಾಡಿಗೆ ತಪ್ಪುತ್ತಾ? ಕೀಲಿ ವಾಪಸ್ ಕೊಟ್ಟು ಖಾಲಿ ಮಾಡ್ಬೇಕು.

ನಾನು: ಸರಿಯಾಗಿ ಅದೇ. ಕೀಲಿ ವಾಪಸ್ ಕೊಟ್ಟ ಮೇಲೆ ಆ ಜಾಗ ಬೇರೆಯವರಿಗೆ ಹೋಗುತ್ತೆ. ಬೆಳಗ್ಗೆ ನಾವು ಎದ್ದಾಗ ಸಾಮಾನ್ಯವಾಗಿ ಬೇರೆ ಯಂತ್ರದ ಮೇಲೆ ಏಳ್ತೀವಿ. ಒಂದೊಂದು ಸಲ ‘ಈ ಅಳತೆಯ ಜಾಗ ಈಗಿಲ್ಲ’ ಅಂತ ಉತ್ತರ ಬರೋದೂ ಉಂಟು. ಅದಕ್ಕೇ ನಿಲ್ಲಿಸಿದ್ದೆಲ್ಲ ಮತ್ತೆ ಏಳುತ್ತೆ ಅಂತ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ.

ದೊಡ್ಡಪ್ಪ: ಏಳೋದು ಒಂದೇ ಸಲಕ್ಕಾ? ನಾವು ದೊಡ್ಡ ಕಟ್ ಆದ ಮೇಲೆ ಎಲ್ಲ ಫೀಡರೂ ಒಟ್ಟಿಗೆ ಹಾಕ್ತಿರಲಿಲ್ಲ. ಒಂದು ಹಾಕಿ, ಮುಳ್ಳು ನಿಂತ ಮೇಲೆ ಇನ್ನೊಂದು.

ನಾನು: ನಾವೂ ಹಾಗೇ. ಮೊದಲು ಡೇಟಾಬೇಸ್, ಅದು ಮಾತಾಡೋಕೆ ಶುರು ಮಾಡಿದ ಮೇಲೆ ಅದನ್ನ ನೆಚ್ಚಿಕೊಂಡ ಸರ್ವರ್‌ಗಳು. ಪರದೆ ಮೇಲೆ ‘ಓಡುತ್ತಿದೆ’ ಅಂತ ಬಂದ್ರೂ ಒಳಗೆ ಪ್ರೋಗ್ರಾಂ ಎದ್ದಿರಲ್ಲ. ಎದ್ದಿದೆಯಾ ಅಂತ ಬಾಗಿಲು ತಟ್ಟಿ ನೋಡ್ಬೇಕು. ದಿನಾ ಹೀಗೆ ನಿಲ್ಲಿಸಿ ಏಳಿಸೋದರಿಂದ ನಾನು ಎಣಿಸದೇ ಇದ್ದ ಒಂದು ಲಾಭ ಆಯ್ತು ದೊಡ್ಡಪ್ಪ. ನಮ್ಮಲ್ಲೊಂದು ಸರ್ವರ್ ಒಂದು ವರ್ಷದ ಮೇಲೆ ಒಂದೇ ಸಮ ಓಡಿತ್ತು. ಅದನ್ನ ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ರು. ಮೊದಲ ರಾತ್ರಿ ನಿಲ್ಲಿಸಿ ಬೆಳಗ್ಗೆ ಏಳಿಸಿದ್ರೆ ಯಂತ್ರ ಎದ್ದಿದೆ, ಕೆಲಸ ಮಾಡೋ ಪ್ರೋಗ್ರಾಂ ಎದ್ದಿಲ್ಲ. ಅವರು ಅದನ್ನ ಯಾವತ್ತೋ ಕೈಯಲ್ಲೇ ಶುರು ಮಾಡಿ ಹೋಗಿದ್ರು, ಯಂತ್ರದ ಜೊತೆ ತಾನಾಗಿ ಏಳೋ ಹಾಗೆ ಕಟ್ಟಿರಲೇ ಇಲ್ಲ. ಅದನ್ನ ಸರಿ ಮಾಡೋಕೆ ಒಂದು ದಿನ ಹಿಡೀತು. ಗ್ರಾಹಕರ ಕೆಲಸ ನಡೀತಿರೋ ದಿನ ಅದು ಬಿದ್ದಿದ್ರೆ?

ದೊಡ್ಡಪ್ಪ: ಬ್ರೇಕರ್‌ದೂ ಅದೇ ಕಥೆ. ವರ್ಷಗಟ್ಟಲೆ ಮುಟ್ಟದೇ ಬಿಟ್ರೆ ಒಳಗೆ ಗ್ರೀಸ್ ಗಟ್ಟಿಯಾಗುತ್ತೆ. ಫಾಲ್ಟ್ ಬಂದ ಹೊತ್ತಲ್ಲಿ ತೆರೆಯಲ್ಲ. ಅದಕ್ಕೇ ಮೆಂಟೆನೆನ್ಸ್ ದಿನ ಹಾಕಿ ತೆಗೆದು ನೋಡ್ತಿದ್ವಿ. ಅಂದ ಹಾಗೆ, ಎಲ್ಲವನ್ನೂ ಹೀಗೆ ನಿಲ್ಲಿಸಬಹುದಾ?

ನಾನು: ಕೆಲವು ನಿಲ್ಲಲ್ಲ. ಆಟೋ ಸ್ಕೇಲಿಂಗ್ ಗುಂಪು ಅಂತಿದೆ, ಎಷ್ಟು ಯಂತ್ರ ಇರಬೇಕು ಅನ್ನೋದನ್ನ ತಾನೇ ಕಾಯ್ದುಕೊಳ್ಳುತ್ತೆ. ಅದರ ಯಂತ್ರ ಒಂದನ್ನ ನಿಲ್ಲಿಸಿದ್ರೆ, ಆ ಯಂತ್ರ ಕೆಟ್ಟಿದೆ ಅಂತ ತಿಳಿದು ಗುಂಪು ಅದನ್ನ ತೆಗೆದುಹಾಕಿ ಹೊಸದನ್ನ ಹುಟ್ಟಿಸುತ್ತೆ. ರಕ್ತಬೀಜಾಸುರನ ಹಾಗೆ. ಅಲ್ಲಿ ಯಂತ್ರಕ್ಕೆ ಹೇಳೋದಲ್ಲ, ‘ಈ ಹೊತ್ತಿಂದ ಸೊನ್ನೆ ಸಾಕು’ ಅಂತ ಗುಂಪಿಗೇ ಹೇಳ್ಬೇಕು. ಅವರೇ ನಡೆಸಿಕೊಡೋ ಆರ್‌ಡಿಎಸ್ ಡೇಟಾಬೇಸ್ ನಿಲ್ಲುತ್ತೆ, ಆದ್ರೆ 7 ದಿನ ಅಷ್ಟೇ. ಎಂಟನೇ ದಿನ ಅದಾಗಿ ಏಳುತ್ತೆ, ರಿಪೇರಿ ಕೆಲಸಗಳು ತಪ್ಪಬಾರದು ಅಂತ. ದಸರಾ ರಜೆಗೆ ನಿಲ್ಲಿಸಿ ಹೋದವರು ಹತ್ತು ದಿನ ಬಿಟ್ಟು ಬಂದ್ರೆ ಅದು ಎದ್ದು ಕೂತಿರುತ್ತೆ.

ದೊಡ್ಡಪ್ಪ: ನೀನು ಇಷ್ಟೆಲ್ಲ ಹೇಳಿದೆ. ಒಂದು ಮಾತು ಹೇಳಲಿಲ್ಲ. ನಿಲ್ಲಿಸೋ ಹೊತ್ತಲ್ಲಿ ಅದರ ಮೇಲೆ ಯಾರಾದ್ರೂ ಕೆಲಸ ಮಾಡ್ತಾ ಇದ್ರೆ?

ಇದಕ್ಕೆ ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನಾನು: ಹಿಂದಿನ ಕಂಪನೀಲಿ ಒಂದು ಶುಕ್ರವಾರ ಮಧ್ಯಾಹ್ನ, ಹೆಸರಲ್ಲಿ ‘ಟೆಸ್ಟ್’ ಅಂತಿದ್ದ ಎಲ್ಲ ಯಂತ್ರಕ್ಕೂ ನಾನು ಒಂದೇ ಸಲಕ್ಕೆ ಚೀಟಿ ಹಚ್ಚಿದೆ. ರಾತ್ರಿ ಎಂಟಕ್ಕೆ ಎಲ್ಲ ನಿಂತವು. ಅದರಲ್ಲಿ ಒಂದು ಯಂತ್ರದಲ್ಲಿ ನಮ್ಮ ಜೊತೆಯವನೊಬ್ಬ ಮಂಗಳವಾರದಿಂದ ಹಳೇ ದಾಖಲೆಗಳ ಚಿತ್ರಗಳನ್ನ ಓದಿಸ್ತಾ ಇದ್ದ. ಬೇಗ ಆಗಲಿ ಅಂತ ಯಂತ್ರದ ಒಳಗಿನ ಡಿಸ್ಕಿನ ಮೇಲೇ ಫಲಿತಾಂಶ ಬರೀತಿದ್ದ, ಕೊನೇಲಿ ಖಾಯಂ ಡಿಸ್ಕಿಗೆ ಹಾಕಿದ್ರಾಯ್ತು ಅಂತ. ಆ ಒಳಗಿನ ಡಿಸ್ಕಿಗೆ ಇನ್‌ಸ್ಟೆನ್ಸ್ ಸ್ಟೋರ್ ಅಂತಾರೆ. ನಿಲ್ಲಿಸಿದ್ರೆ ಅದರಲ್ಲಿದ್ದದ್ದು ಹೋಗುತ್ತೆ. ಮೊದಮೊದಲು, 2009ರ ಕೊನೆವರೆಗೆ, ಎಲ್ಲ ಯಂತ್ರವೂ ಅಂಥ ಡಿಸ್ಕಿನಿಂದಲೇ ಏಳ್ತಿದ್ವು. ಆಗ ನಿಲ್ಲಿಸಿ ಮತ್ತೆ ಏಳಿಸೋದು ಅನ್ನೋದೇ ಇರಲಿಲ್ಲ. ಓಡಿಸು, ಇಲ್ಲ ಅಳಿಸು.

ದೊಡ್ಡಪ್ಪ: ನಾಲ್ಕು ದಿನದ ಕೆಲಸ ಹೋಯ್ತು.

ನಾನು: ಹೋಯ್ತು. ಎಂಟೂ ಹತ್ತಕ್ಕೆ ಅವನ ಫೋನ್ ಬಂತು. ‘ಯಾರು ಆಫ್ ಮಾಡಿದ್ದು?’ ಅಂತ ಕೇಳಿದ. ಕೋಪ ಇರಲಿಲ್ಲ ಅವನ ದನೀಲಿ, ತಿಳ್ಕೊಳ್ಳೋಕೆ ಕೇಳ್ತಿದ್ದ. ನನ್ನ ಬಾಯಲ್ಲಿ ಬಂದ ಉತ್ತರ, ‘ಯಾರೂ ಮಾಡಿಲ್ಲ, ಶೆಡ್ಯೂಲ್ ಮಾಡಿದ್ದು’ ಅಂತ. ಆ ಮಾತು ಇವತ್ತಿಗೂ ಚುಚ್ಚುತ್ತೆ ನಂಗೆ. ನಾನೇ ತಾನೇ ಮಾಡಿದ್ದು? ನಾಲ್ಕು ಗಂಟೆ ಮುಂಚೆ ಮಾಡಿ, ಅದು ನಡೆಯೋ ಹೊತ್ತಿಗೆ ನಾನು ಅಲ್ಲಿರಲಿಲ್ಲ ಅಷ್ಟೇ.

ದೊಡ್ಡಪ್ಪ: ನಮ್ಮಲ್ಲಿ ಎಲ್‌ಸಿ ಪುಸ್ತಕ ಅಂತ ಇತ್ತು. ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತೋ ಮುಂಚೆ ಸ್ಟೇಷನ್‌ನಿಂದ ಎಲ್‌ಸಿ ತಗೋಬೇಕು. ನಾನು ಬ್ರೇಕರ್ ತೆಗೆದು, ಟ್ರಾಲಿ ಹೊರಗೆಳೆದು, ಅರ್ತ್ ಮಾಡಿ, ‘ಚಾರ್ಜ್ ಮಾಡಬೇಡಿ, ಜನ ಕೆಲಸದಲ್ಲಿದ್ದಾರೆ’ ಅನ್ನೋ ಬೋರ್ಡ್ ತಗುಲಿಸ್ತಿದ್ದೆ. ಪುಸ್ತಕದಲ್ಲಿ ಫೀಡರ್, ಹೊತ್ತು, ತಗೊಂಡವನ ಹೆಸರು. ಯಾರು ತಗೊಂಡನೋ ಅವನೇ ವಾಪಸ್ ಕೊಡ್ಬೇಕು. ಅವನ ಪರವಾಗಿ ಇನ್ನೊಬ್ಬ ಕೊಡೋ ಹಾಗಿಲ್ಲ. ಒಂದೇ ಫೀಡರ್ ಮೇಲೆ ಎರಡು ಗ್ಯಾಂಗ್ ಇದ್ರೆ ಎರಡು ಹೆಸರು, ಇಬ್ಬರಿಂದಲೂ ವಾಪಸ್ ಬರಬೇಕು.

ನಾನು: ವಾಪಸ್ ಬರದೇ ಇದ್ರೆ?

ದೊಡ್ಡಪ್ಪ: ಫೀಡರ್ ಕತ್ತಲಲ್ಲೇ ಇರುತ್ತೆ. ಒಂದು ರಾತ್ರಿ ಮಳೆ ನಿಂತ ಮೇಲೆ ಒಬ್ಬ ಹುಡುಗನ ಎಲ್‌ಸಿ ವಾಪಸ್ ಬರಲಿಲ್ಲ. ಫೋನ್ ಹತ್ತಲಿಲ್ಲ. ಊರಿನವರು ಒಂದರ ಹಿಂದೆ ಒಂದು ಫೋನ್, ಮೇಲಿನವರೂ ಕೇಳಿದ್ರು, ‘ಕೆಲಸ ಯಾವಾಗ್ಲೋ ಮುಗಿದಿರುತ್ತೆ, ಹಾಕ್ರೀ’ ಅಂತ. ನಾನು ಹಾಕಲಿಲ್ಲ. ಎರಡೂವರೆ ಗಂಟೆ ಕೂತೆ. ಕೊನೆಗೆ ಅವನೇ ಒದ್ದೆಯಾಗಿ ಸೈಕಲ್ ತಳ್ಕೊಂಡು ಬಂದು ಸಹಿ ಹಾಕಿದ. ಕೆಲಸ ಮುಗಿದು ಎಷ್ಟೋ ಹೊತ್ತಾಗಿತ್ತಂತೆ. ಮುಗಿದಿತ್ತು ಅಂತ ನಂಗೆ ಆಗ ಗೊತ್ತಿರಲಿಲ್ಲವಲ್ಲಮ್ಮ.

ಆಗ ಸರಿಯಾಗಿ ಏಳೂವರೆ. ಫೋನ್ ಸದ್ದು ಮಾಡಿತು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ.

ನಾನು: ನೋಡಿ, ಈಗಿನ ಕಂಪನೀಲಿ ಇದನ್ನ ಮಾಡಿದೀನಿ. ಪ್ರತಿ ಯಂತ್ರಕ್ಕೂ ಎರಡನೇ ಚೀಟಿ, ಒಡೆಯರ ಹೆಸರು. ನಿಲ್ಲಿಸೋಕೆ ಅರ್ಧ ಗಂಟೆ ಮುಂಚೆ ಆ ಒಡೆಯರಿಗೆ ಸಂದೇಶ ಹೋಗುತ್ತೆ. ‘ಎಂಟಕ್ಕೆ ನಿಲ್ಲುತ್ತೆ, ಬೇಡ ಅಂದ್ರೆ ಇಲ್ಲಿ ಒತ್ತಿ’ ಅಂತ. ಒತ್ತಿದವರ ಹೆಸರು, ಹೊತ್ತು, ಯಾವಾಗಿನವರೆಗೆ ಅನ್ನೋದು ದಾಖಲಾಗುತ್ತೆ. ಇವತ್ತು 17 ಯಂತ್ರಕ್ಕೆ ಹೋಗಿದೆ. ಆಗ್ಲೇ ಒಬ್ಬಳು ಹನ್ನೊಂದರವರೆಗೆ ಬೇಕು ಅಂತ ಒತ್ತಿದಾಳೆ.

ದೊಡ್ಡಪ್ಪ: ಹೆಸರಿದೆ, ಹೊತ್ತಿದೆ. ಪುಸ್ತಕ ಚೆನ್ನಾಗಿದೆ. ಉಳಿದ 16ರವರು?

ನಾನು: ಏನೂ ಹೇಳಿಲ್ಲ. ಎಂಟಕ್ಕೆ ನಿಲ್ಲುತ್ತೆ.

ದೊಡ್ಡಪ್ಪ: ಏನೂ ಹೇಳಿಲ್ಲ ಅಂದ್ರೆ ಬೇಡ ಅಂತ ಹೇಳಿದ ಹಾಗಾ?

ನಾನು: ಹಾಗಂತ ಹಿಡಿದಿದೀನಿ. ಎಲ್ಲರ ಉತ್ತರಕ್ಕೂ ಕಾಯ್ತಾ ಕೂತ್ರೆ ಯಾವುದೂ ನಿಲ್ಲಲ್ಲ ದೊಡ್ಡಪ್ಪ. ಮರೆಯೋರಿಗೆ ಅಂತಲೇ ಇದನ್ನ ಮಾಡಿದ್ದು. ಮನೆಗೆ ಹೋದವರು ಸಂದೇಶ ನೋಡಲ್ಲ, ಅದು ಸಹಜ. ನಿಮ್ಮ ಫೀಡರ್ ಮೇಲೆ ಜೀವ ಇತ್ತು. ಇಲ್ಲಿ ನಿಂತ ಯಂತ್ರ ಬೆಳಗ್ಗೆ ಇದ್ದ ಹಾಗೇ ಏಳುತ್ತೆ.

ದೊಡ್ಡಪ್ಪ: ಎಲ್ಲವೂ ಏಳುತ್ತಾ? ನಾಲ್ಕು ದಿನದ ಕೆಲಸ ಹೋಯ್ತಲ್ಲ, ಅಂಥ ಡಿಸ್ಕಿನ ಯಂತ್ರ ಈ 17ರಲ್ಲಿ ಇಲ್ವಾ?

ನಾನು ಪಟ್ಟಿ ತೆರೆದೆ. ಎರಡಿದ್ದವು. ವಿಡಿಯೊ ಕೆಲಸಕ್ಕೆ ಹಿಂದಿನ ವಾರ ತೆಗೆದುಕೊಂಡವು. ನಾನೇ ಚೀಟಿ ಹಚ್ಚಿದ್ದೆ. ಸಂದೇಶ ಹೋಗುತ್ತದಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ.

ನಾನು: ಎರಡಿವೆ. ಎಲ್ಲಕ್ಕಿಂತ ದುಬಾರಿ ಬಾಡಿಗೆಯವೂ ಅವೇ.

ದೊಡ್ಡಪ್ಪ: ಬಾಡಿಗೆ ಲೆಕ್ಕ ಆಮೇಲೆ ಹಾಕು. ಎಂಟಕ್ಕೆ ಇನ್ನು ಎಷ್ಟು ಹೊತ್ತಿದೆ?

ನಾನು: ಹದಿನೆಂಟು ನಿಮಿಷ. ಆ ಎರಡರ ವೇಳಾಪಟ್ಟಿ ಚೀಟಿ ಈಗ್ಲೇ ಕಿತ್ತು ಹಾಕ್ತೀನಿ. ಚೀಟಿ ಇಲ್ಲದೇ ಇದ್ರೆ ಪ್ರೋಗ್ರಾಂ ಮುಟ್ಟಲ್ಲ. ಅಂಥ ಯಂತ್ರಕ್ಕೆ ಬೇರೆ ಚೀಟಿ ಬೇಕು, ‘ಹೌದು ಅನ್ನೋವರೆಗೆ ನಿಲ್ಲಿಸಬೇಡ’ ಅಂತ. ಸೋಮವಾರ ಪ್ರೋಗ್ರಾಂನಲ್ಲೇ ಬರೀತೀನಿ. ಇವತ್ತಿಗೆ ನಾನೇ ಫೋನ್ ಮಾಡಿ ಕೇಳ್ತೀನಿ.

ದೊಡ್ಡಪ್ಪ: ಉಳಿದ ಹದಿನಾಲ್ಕಕ್ಕೆ?

ನಾನು: ಅವಕ್ಕೆ ಸುಮ್ಮನಿದ್ರೆ ನಿಲ್ಲೋದು ಅಂತಲೇ ಇರ್ಲಿ. ಅಲ್ಲಿ ನಿಲ್ಲಿಸಿದ್ರೆ ಯಾರದಾದ್ರೂ ಒಂದು ಗಂಟೆ ಕೆಲಸ ಕೆಡಬಹುದು, ಅಳಿಸಿಹೋಗೋದು ಏನೂ ಇಲ್ಲ.

ದೊಡ್ಡಪ್ಪ: ಅದು ಸರಿ. ಮನೆ ಲೈನಿಗೂ ಮೇನ್ ಲೈನಿಗೂ ನಾವೂ ಒಂದೇ ನಿಯಮ ಇಟ್ಟಿರಲಿಲ್ಲ. ಆ ಹುಡುಗಿ ಹನ್ನೊಂದರವರೆಗೆ ಅಂದಳಲ್ಲ, ಏನು ಕೆಲಸ ಅಂತ ಬರೆದಿದಾಳಾ?

ನಾನು: ಕಾರಣ ಬರೆಯೋಕೆ ಜಾಗ ಇಟ್ಟಿಲ್ಲ.

ದೊಡ್ಡಪ್ಪ: ಇಡು. ಪಾಳಿ ಬದಲಾದಾಗ ಮುಂದಿನವನಿಗೆ ಅದೇ ಆಸರೆ.

ಮೊದಲ ಯಂತ್ರದ ಒಡೆಯರಿಗೆ ಫೋನ್ ಹತ್ತಿತು. ಕೆಲಸ ಮಧ್ಯಾಹ್ನವೇ ಮುಗಿದಿದೆ, ಎಲ್ಲ ಖಾಯಂ ಡಿಸ್ಕಿನಲ್ಲಿದೆ, ನಿಲ್ಲಿಸಿ ಎಂದರು. ಅವರ ಹೆಸರು, ಹೊತ್ತು ಬರೆದುಕೊಂಡು ನಾನೇ ನಿಲ್ಲಿಸಿದೆ. ಎರಡನೆಯವರಿಗೆ ಮೂರು ಸಲ ಮಾಡಿದೆ. ರಿಂಗ್ ಆಗಿ ಆಗಿ ಕಡಿದುಹೋಯಿತು.

ಎಂಟು ಗಂಟೆ. ಪರದೆಯ ಮೇಲೆ ಹದಿನಾಲ್ಕು ಹಸಿರು ಚುಕ್ಕೆಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗಿದವು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ಆಂಪ್ ಮೀಟರಿನ ಮುಂದೆ ನಿಂತವರ ಹಾಗೆ, ಕೊನೆಯ ಚುಕ್ಕೆ ತಿರುಗುವವರೆಗೆ ನೋಡಿದರು. ಎರಡು ಹಸಿರಾಗಿಯೇ ಉಳಿದವು.

ದೊಡ್ಡಪ್ಪ: ಒಂದು ಆ ಹುಡುಗೀದು. ಇನ್ನೊಂದು?

ನಾನು: ಫೋನ್ ಎತ್ತದೇ ಇದ್ದವರದು. ರಾತ್ರಿಯಿಡೀ ಓಡಿದ್ರೆ ಓಡಲಿ.

ದೊಡ್ಡಪ್ಪ: ಅವರು ವಾಪಸ್ ಫೋನ್ ಮಾಡಿದ್ರೆ ಕೇಳಿಸಬೇಕಲ್ಲ. ಊಟಕ್ಕೆ ಕೂತಾಗ ಅದನ್ನ ಒಳಗೆ ಇಟ್ಟು ಬರಬೇಡ, ಎಲೆ ಪಕ್ಕದಲ್ಲೇ ಇಟ್ಕೋ.

ದೊಡ್ಡಮ್ಮ ಒಳಗಿಂದ ಕರೆದರು. ನಾನು ಫೋನಿನ ಸದ್ದು ಏರಿಸಿ, ಕೈಲಿ ಹಿಡಿದು ಎದ್ದೆ.